ಅತ್ತೆ ಬರೆದ ಕೊನೆಯ ಕಾದಂಬರಿ

ಅವನ ಮೂರನೆಯ ಕಾದಂಬರಿಯ ಉಳಿದ ಪ್ರತಿಗಳನ್ನು ರದ್ದಿಗೆ ಹಾಕುವ ವಿಷಯವನ್ನು ಪ್ರಕಾಶಕ ಎತ್ತಿದ್ದು ಅವನ ಮನೆಯ ನಡುಮನೆಯಲ್ಲೇ. ಅವತ್ತು ಪ್ರಕಾಶಕ ಬಂದದ್ದು ಅವನನ್ನು ನೋಡಲಿಕ್ಕಲ್ಲ. ಅವನ ಅತ್ತೆಯ ಹಳೆಯ ಕಾದಂಬರಿಯೊಂದು ಮತ್ತೆ ಅಚ್ಚಾಗಿತ್ತು, ಅದರ ಪ್ರತಿಗಳನ್ನು ಕೊಡಲು ಬಂದಿದ್ದ. ಅತ್ತೆ ಒಳಗೆ ಮಲಗಿದ್ದರಿಂದ ಇವನ ಎದುರಿಗೆ ಕೂತು, ಮಾತಿಗೆ ಮಾತು ಬಂತು ಎನ್ನುವ ಹಾಗೆ ಹೇಳಿದ.

"ಗೋಡೌನಲ್ಲಿ ಜಾಗ ಇಲ್ಲ ಸಾರ್. ಅಮ್ಮನೋರ ಪುಸ್ತಕ ಇಡೋಕೇ ಸಾಲಲ್ಲ. ನಿಮಗೆ ಬೇಕಾದಷ್ಟು ತಗೊಂಡ್ಬಿಡಿ, ಮಿಕ್ಕಿದ್ದು ರದ್ದಿಗೆ ಹಾಕ್ತೀನಿ."

"ಆಗಲಿ," ಎಂದು ಅವನು ನಕ್ಕ. ಮದುವೆಯಾದಾಗಿನಿಂದ ಅವನು ಇಂಥ ಮಾತಿಗೆಲ್ಲ ಹೀಗೇ ನಗುತ್ತ ಬಂದಿದ್ದ. ಆ ನಗು ಈಗ ಹಳೆಯ ಚಪ್ಪಲಿಯ ಹಾಗೆ ಮುಖಕ್ಕೆ ಒಗ್ಗಿಹೋಗಿತ್ತು.

ಹೊಟ್ಟೆಪಾಡಿಗೆ ಅವನು ಪತ್ರಿಕೆಯೊಂದರ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದ. ಊರಿನವರ ತಪ್ಪನ್ನೆಲ್ಲ ಸರಿಮಾಡಿ ಬಂದು, ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ತನ್ನ ಕಾದಂಬರಿ ಬರೆಯುತ್ತಿದ್ದ. ವಿಮರ್ಶಕರು ಅವನನ್ನು ಬೈದವರಲ್ಲ. 'ದಟ್ಟವಾದ ಬರಹ' ಎಂದರು, 'ಗಂಭೀರ ಓದುಗರನ್ನು ಬೇಡುವ ಕೃತಿ' ಎಂದರು. ಕೃತಿ ಬೇಡುತ್ತಲೇ ಇತ್ತು, ಓದುಗರು ಬರಲಿಲ್ಲ. ಅತ್ತೆಯ ಪುಸ್ತಕಗಳ ಬಗ್ಗೆ ಒಬ್ಬ ವಿಮರ್ಶಕನೂ ಒಂದಕ್ಷರ ಬರೆದಿರಲಿಲ್ಲ. ಆದರೆ ಗ್ರಂಥಾಲಯದಲ್ಲಿ ಅವುಗಳ ಬೆನ್ನು ಕಿತ್ತುಹೋಗಿರುತ್ತಿತ್ತು, ಪುಟಗಳ ಮೇಲೆ ಚಹಾದ ಕಲೆ, ಎಣ್ಣೆಯ ಬೆರಳಚ್ಚು. ಪಕ್ಕದಲ್ಲೇ ಅವನ ಕಾದಂಬರಿ ಹೊಸ ಮದುಮಗನ ಹಾಗೆ ಇಸ್ತ್ರಿ ಕೆಡದೆ ನಿಂತಿರುತ್ತಿತ್ತು.

ಅವನು ವಾಸವಿದ್ದ ಮನೆಯೂ ಆ ಕಾದಂಬರಿಗಳದ್ದೇ. ಮಹಡಿ ಎದ್ದದ್ದು ಅವಳಿ ಅಕ್ಕತಂಗಿಯರ ಕತೆಯಿಂದ. ಅವನು ಕೂತು ಬರೆಯುವ ಕೋಣೆ ಬಂದದ್ದು, ಸತ್ತನೆಂದುಕೊಂಡ ಗಂಡ ಎರಡನೆಯ ಮದುವೆಯ ಹೊತ್ತಿಗೆ ಬಾಗಿಲು ತಟ್ಟುವ ಕತೆಯಿಂದ. ಆ ಕೋಣೆಯಲ್ಲಿ ಕೂತು ಮನುಷ್ಯನ ಒಂಟಿತನದ ಬಗ್ಗೆ ಒಂದು ವಾಕ್ಯ ಬರೆಯುವಾಗಲೂ, ಕಾಲಡಿಯ ನೆಲ ಅತ್ತೆಯದು ಎಂಬುದು ಅವನಿಗೆ ಮರೆಯುತ್ತಿರಲಿಲ್ಲ.

ಒಮ್ಮೆ ಅವನೂ ಹಟಕ್ಕೆ ಬಿದ್ದು ಜನ ಓದುವಂಥದ್ದನ್ನು ಬರೆಯಲು ನೋಡಿದ. ಪತ್ತೇದಾರಿ ಕತೆ. ಬೇರೆ ಹೆಸರಿನಲ್ಲಿ ಹೊರತರುವುದೆಂದು ನಿಶ್ಚಯವೂ ಆಗಿತ್ತು. ಪ್ರಕಾಶಕ ಓದಿ ತಲೆ ಕೆರೆದುಕೊಂಡ.

"ಎಲ್ಲಾ ಸರಿ ಸಾರ್, ಕೊಲೆ ಮಾಡಿದ್ದು ಯಾರು ಅಂತ ಕೊನೇಲಾದ್ರೂ ಹೇಳ್ಬೇಕಿತ್ತು."

"ಹೇಳಿದೀನಲ್ಲ. ಕಾಲವೇ ಕೊಲೆಗಾರ."

"ಕಾಲಕ್ಕೆ ಕೈಕೋಳ ಹಾಕಿ ಕರ್ಕೊಂಡ್ ಹೋಗೋಕೆ ಆಗಲ್ವಲ್ಲ ಸಾರ್."

ಈ ಮಾತು ಹೇಗೋ ಅತ್ತೆಯ ಕಿವಿಗೆ ಬಿತ್ತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ," ಎಂದು ಸಮಾಧಾನವನ್ನೂ ಹೇಳಿದರು. ನಕ್ಕದ್ದನ್ನು ಅವನು ಕ್ಷಮಿಸಬಲ್ಲವನಾಗಿದ್ದ. ಸಮಾಧಾನವನ್ನು ಕ್ಷಮಿಸಲಾಗಲಿಲ್ಲ.

ಅತ್ತೆಯ ಕಿಡ್ನಿಗಳೆರಡೂ ಕೈಕೊಟ್ಟ ಮೇಲೆ ಬರೆಯುವುದು ನಿಂತಿತು ಎಂದು ಎಲ್ಲರೂ ತಿಳಿದಿದ್ದರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಯ ಬಾಗಿಲವರೆಗೆ ಕಾರಿನಲ್ಲಿ ಬಿಟ್ಟುಬರುವ ಕೆಲಸ ಅವನದು. ಗಾಲಿಕುರ್ಚಿಯಲ್ಲಿ ಅವರನ್ನು ಮೇಲಕ್ಕೆ ಕರೆದೊಯ್ದ ಮೇಲೆ ಅವನು ಎದುರಿನ ರಸ್ತೆಯ ಕಾಫಿ ಅಂಗಡಿಯಲ್ಲಿ ಪುಸ್ತಕ ಬಿಚ್ಚಿ ಕೂರುತ್ತಿದ್ದ. ರಕ್ತ ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಅತ್ತೆ ಅವನನ್ನು ಕೋಣೆಗೆ ಕರೆದರು. ಹಾಸಿಗೆಯ ಕೆಳಗಿನಿಂದ ಕಾಗದದ ಒಂದು ಕಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡರು. ಅವನೇ ಕಚೇರಿಯಿಂದ ತಂದುಕೊಡುತ್ತಿದ್ದ ಹಳೆಯ ಕರಡುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು.

"ಮನೇಲಿ ಯಾರಿಗೂ ಹೇಳಿಲ್ಲ. ನಿಮ್ಮ ಹೆಂಡ್ತಿಗೂ ಗೊತ್ತಿಲ್ಲ, ಪ್ರಕಾಶಕನಿಗೂ ಗೊತ್ತಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಯಾಕೆ? ನೀವು ಓದಿದೋರು. ಒಂದ್ಸಲ ನೋಡಿ ಹೇಳಿ. ಮುಲಾಜು ಬೇಡ."

ಅವನು ಅದನ್ನು ಎರಡು ದಿನ ಕಚೇರಿಗೆ ರಜೆ ಹಾಕಿ ಓದಿದ. ಕೊಡೆ ತಯಾರಿಸುವ ಕಂಪನಿಯೊಂದರಲ್ಲಿ ಗಿರಾಕಿಗಳ ದೂರಿಗೆ ಉತ್ತರ ಬರೆಯುವ ನಡುವಯಸ್ಸಿನ ಹೆಂಗಸಿನ ಕತೆ. ಉತ್ತರ ಬರೆದು ಬರೆದು ಬೇಸತ್ತು, ಒಂದು ದಿನ ಅವಳು ಹೊಸ ಕೊಡೆ ಹಿಡಿದು ದೂರು ಕೊಟ್ಟವರ ಮನೆಗೇ ಹೋಗುತ್ತಾಳೆ. ಮಾರನೆಯ ದಿನ ಮತ್ತೊಬ್ಬರ ಮನೆಗೆ. ಜನರಿಗೆ ಕೆಟ್ಟಿರುವುದು ಕೊಡೆಯಲ್ಲ ಎಂದು ಮೆಲ್ಲನೆ ಅವಳಿಗೂ ತಿಳಿಯುತ್ತದೆ, ಓದುವವನಿಗೂ ತಿಳಿಯುತ್ತದೆ. ಅಷ್ಟರಲ್ಲಿ, ಚೆನ್ನಾಗಿರುವ ಕೊಡೆಯ ಮೇಲೇ ಮೇಲಿಂದ ಮೇಲೆ ದೂರು ಬರೆಯುವ ಒಬ್ಬ ವಿಧುರ ಗಂಟುಬೀಳುತ್ತಾನೆ. ಓದುತ್ತ ಓದುತ್ತ ನಗು ಹೊರಗೆ ಕೇಳಿಸೀತೆಂದು ಅವನು ಬಾಯಿಗೆ ಟವೆಲ್ ಒತ್ತಿಕೊಂಡ. ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅದೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಓದಿ ಮುಗಿಸಿದಾಗ ಅವನಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಒಂಟಿತನದ ಬಗ್ಗೆ ತಾನು ಮೂರು ಕಾದಂಬರಿಗಳಲ್ಲಿ ತಿಣುಕಿ ಹೇಳಲಾಗದ್ದನ್ನು ಈ ಹೆಂಗಸು ಕೊಡೆ ಬಿಚ್ಚಿದಷ್ಟು ಸಲೀಸಾಗಿ ಹೇಳಿದ್ದರು. ವಿಮರ್ಶಕರೂ ತಲೆದೂಗುತ್ತಾರೆ, ಜನವೂ ಮುಗಿಬೀಳುತ್ತದೆ. ಈ ಪುಸ್ತಕ ನ್ಯಾಯವಾಗಿ ತನ್ನದಾಗಬೇಕಿತ್ತು. ಅಂಥ ಪುಸ್ತಕಕ್ಕಾಗಿ ಬೆಳಗಿನ ನಿದ್ದೆ ಬಿಟ್ಟವನು ಅವನು. ಅದು ಬಂದು ಇಳಿದದ್ದು ಮಾತ್ರ ಎರಡು ಕೋಣೆ ಆಚೆ, ವಿಳಾಸ ತಪ್ಪಿದ ಪಾರ್ಸೆಲ್ಲಿನ ಹಾಗೆ. ಹೀಗೆ ಯೋಚಿಸಿದ ಮೇಲೆ ಉಳಿದ ಯೋಜನೆ ತಾನಾಗಿ ಜೋಡಿಸಿಕೊಂಡಿತು. ಕತೆ ಕಟ್ಟುವುದಕ್ಕೆ ತನಗೆ ಬರುವುದಿಲ್ಲ ಎಂದವರು ಇದನ್ನು ನೋಡಬೇಕಿತ್ತು ಎನಿಸಿತು.

ಮೊದಲ ಹೆಜ್ಜೆ, ಕಾದಂಬರಿ ಚೆನ್ನಾಗಿಲ್ಲ ಎನ್ನುವುದು. ಚೆನ್ನಾಗಿದೆ ಎಂದರೆ ಅತ್ತೆ ಅಂದೇ ಪ್ರಕಾಶಕನಿಗೆ ಫೋನು ಮಾಡುತ್ತಾರೆ. ಸೋತ ಬರಹದ ಸುದ್ದಿಯನ್ನು ಯಾರೂ ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಇದು ಅವನಿಗೆ ಸ್ವಂತ ಅನುಭವದಿಂದ ಗೊತ್ತಿದ್ದ ಸಂಗತಿ.

"ಸುಮಾರಾಗಿದೆ ಅತ್ತೆ. ನಿಮ್ಮ ಹೆಸರಿಗೆ ತಕ್ಕ ಹಾಗಿಲ್ಲ," ಎಂದ.

"ಹೌದಾ? ಎಲ್ಲೂ ನಗು ಬರ್ಲಿಲ್ವಾ?"

"ನಗಿಸೋ ಪ್ರಯತ್ನ ಕಾಣ್ಸತ್ತೆ."

ಅತ್ತೆ ಅವನ ಮುಖ ನೋಡಿದರು. "ಸರಿ ಬಿಡಿ," ಎಂದರು.

"ನನ್ನ ಹತ್ರಾನೇ ಇರಲಿ. ಬಿಡುವಾದಾಗ ತಿದ್ದಿ ಕೊಡ್ತೀನಿ. ಅಲ್ಲೀವರೆಗೆ ಯಾರಿಗೂ ತೋರಿಸೋದು ಬೇಡ."

ಅತ್ತೆ ತಲೆಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಬೆನ್ನು ಅಷ್ಟು ಚಿಕ್ಕದು ಎಂದು ಅವನಿಗೆ ಗೊತ್ತಿರಲಿಲ್ಲ.

ಎರಡನೆಯ ಹೆಜ್ಜೆಗೆ ಕತ್ತಿ ಬೇಡ, ಹಗ್ಗ ಬೇಡ, ಔಷಧಿ ಅಂಗಡಿಯ ಮೆಟ್ಟಿಲೂ ಹತ್ತಬೇಕಿರಲಿಲ್ಲ. ಅತ್ತೆ ಏನೇನು ತಿನ್ನಬಾರದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಬೇರೆಯವರಿಗೆ ಆರೋಗ್ಯ ಕೊಡುವ ಹಣ್ಣು, ಹಣ್ಣಿನ ರಸ, ಒಣಹಣ್ಣು ಇವರಿಗೆ ವಿಷ. ಅದರಲ್ಲಿರುವ ಪೊಟ್ಯಾಸಿಯಮ್ಮನ್ನು ಕೆಟ್ಟ ಕಿಡ್ನಿ ಹೊರಹಾಕಲಾರದು, ಮಿತಿ ಮೀರಿದರೆ ಹೃದಯವೇ ನಿಂತೀತು. ಎರಡು ಡಯಾಲಿಸಿಸ್ ನಡುವೆ ಶನಿವಾರದಿಂದ ಮಂಗಳವಾರದವರೆಗಿನ ಉದ್ದನೆಯ ಅಂತರವೇ ಅಪಾಯದ್ದು. ಹೆಣ್ಣು ಕೊಟ್ಟ ಅತ್ತೆಗೆ ಹಣ್ಣು ಕೊಟ್ಟರೆ ಯಾವ ಕಾನೂನು ಕೇಳುತ್ತದೆ? ಒಂದು ವೇಳೆ ಗೊತ್ತಾದರೂ, ಪಾಪ, ಮುದುಕಿಯ ಆಸೆ ನೋಡಲಾರದೆ ಕೊಟ್ಟ ಎಂದಾರು. ಪ್ರೀತಿಯ ತಪ್ಪು ಎಂದಾರು. ಆದರೆ ಗೊತ್ತಾಗುವಂತೆ ಬಿಡುವವನೂ ಅವನಲ್ಲ.

ಅವನ ಹೆಂಡತಿ ಬ್ಯಾಂಕಿನ ಹೊಸ ನೌಕರರಿಗೆ ತರಬೇತಿ ಕೊಡುವವಳು, ಆಗಾಗ ಬೇರೆ ಊರಿಗೆ ಹೋಗುತ್ತಿದ್ದಳು. ಅಂಥ ಒಂದು ಶನಿವಾರ ಅವಳು ಹೊರಟಳು. ಹೊರಡುವಾಗ, "ರೀ, ಅಮ್ಮಂಗೆ ನೀರು ಜಾಸ್ತಿ ಕೊಡ್ಬೇಡಿ. ಆಸೆ ಮಾಡ್ತಾರೆ, ಕರಗಿಬಿಡ್ಬೇಡಿ," ಎಂದಳು.

"ನಾನೆಲ್ಲಿ ಕರಗೋನು," ಎಂದ. ಅವಳು ನಕ್ಕು ಹೋದಳು.

ಅಂದು ಸಂಜೆ ಆಸ್ಪತ್ರೆಯಿಂದ ಬಂದ ಅತ್ತೆಯ ಮುಂದೆ ಅವನು ಸಿಪ್ಪೆ ಸುಲಿದ ಬಾಳೆಹಣ್ಣು ಹಿಡಿದ. ಅತ್ತೆ ಹಣ್ಣನ್ನೂ ಅವನನ್ನೂ ನೋಡಿದರು.

"ಬೇಡ ಅಂದಿದಾರಲ್ಲ."

"ಒಂದಕ್ಕೆ ಏನಾಗಲ್ಲ ಅತ್ತೆ. ಇವತ್ತು ತಾನೇ ಡಯಾಲಿಸಿಸ್ ಆಗಿದೆ."

ಅವರು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಿಂದರು. "ಎಷ್ಟು ದಿನ ಆಯ್ತು," ಎಂದರು. "ಮಗಳಿಗೆ ಹೇಳ್ಬೇಡಿ, ಆಯ್ತಾ?"

"ಹೇಳಲ್ಲ."

ಗುಟ್ಟು ಕಾಯುವ ಕೆಲಸವನ್ನೂ ಬಲಿಯಾಗುವವರೇ ವಹಿಸಿಕೊಂಡದ್ದು ಅವನಿಗೆ ಯೋಜನೆಯ ಅಂದವನ್ನು ಇನ್ನಷ್ಟು ಹೆಚ್ಚಿಸಿದಂತೆ ಕಂಡಿತು. ಭಾನುವಾರ ಕಿತ್ತಳೆ ರಸ, ಒಣಹಣ್ಣು, ಮತ್ತೆ ಬಾಳೆಹಣ್ಣು. ಅತ್ತೆ ಒಮ್ಮೆ ಬೇಡವೆಂದರು, ಎರಡನೆಯ ಸಲಕ್ಕೆ ಸುಮ್ಮನೆ ಕೈಚಾಚಿದರು. ತಿನ್ನುತ್ತ ಅವರಿಗೆ ಮಾತು ಬಂತು. ತಾವಾಗಿ ಎಂದೂ ಎತ್ತದ ಮಾತು.

"ನೀವು ನನ್ನ ಪುಸ್ತಕದ ಬಗ್ಗೆ ಮುಲಾಜಿಲ್ದೆ ಹೇಳಿದ್ರಿ. ನಾನೂ ನಿಮ್ಮದರ ಬಗ್ಗೆ ಒಂದು ಮಾತು ಹೇಳ್ಲಾ?"

"ಹೇಳಿ."

"ನಿಮ್ಮ ಪುಸ್ತಕದಲ್ಲಿ ಎಲ್ಲಾ ಇದೆ. ನನಗಿಂತ ಹೆಚ್ಚೇ ಇದೆ. ಆದ್ರೆ ಊಟಕ್ಕೆ ಕೂತೋನ ಮುಂದೆ ಒಲೆ, ಪಾತ್ರೆ, ಸೌಟು ಎಲ್ಲಾ ತಂದಿಟ್ಟ ಹಾಗಿದೆ. ಬಡಿಸೋದನ್ನೇ ಮರೆತಿದೀರಿ. ಓದೋನು ಹಸಿದು ಬಂದಿರ್ತಾನೆ ಅಳಿಯಂದ್ರೇ."

ಅವನೊಳಗೆ ಅಷ್ಟೊತ್ತು ಎಲ್ಲೋ ಒಂದು ಅಳುಕು ಇತ್ತು. ಆ ಮಾತಿನಿಂದ ಅದು ಹೋಯಿತು. ಅವನು ಎದ್ದು ಲೋಟಕ್ಕೆ ಇನ್ನಷ್ಟು ರಸ ಬಡಿಸಿದ.

ಸೋಮವಾರ ಮಧ್ಯಾಹ್ನ ಅವನು ತನ್ನ ಕೋಣೆಯಲ್ಲಿ ಕರಡು ತಿದ್ದುತ್ತ ಕೂತಿದ್ದ. ಬಾಗಿಲು ತೆರೆದೇ ಇತ್ತು. ಒಮ್ಮೆ "ಅಳಿಯಂದ್ರೇ" ಎಂಬ ಕರೆ ಕೇಳಿಸಿತು. ಗಟ್ಟಿಯಾಗಿರಲಿಲ್ಲ, ಗಾಬರಿಯೂ ಇರಲಿಲ್ಲ, ಕನ್ನಡಕ ಎಲ್ಲಿದೆ ಎಂದು ಕೇಳುವವರ ದನಿ. ಅವನು ಒಂದು ಅಲ್ಪವಿರಾಮದ ಮೇಲೆ ಪೆನ್ನಿಟ್ಟು ಕಾದ. ಎರಡನೆಯ ಕರೆ ಬರಲಿಲ್ಲ. ಆ ಪುಟ ಮುಗಿಸಿದ, ಮುಂದಿನದನ್ನೂ ಮುಗಿಸಿದ. ಆಮೇಲೆ ಹೋಗಿ ನೋಡಿ, ಆಂಬುಲೆನ್ಸಿಗೆ ಫೋನು ಮಾಡಿ, ಹೆಂಡತಿಗೆ ಫೋನು ಮಾಡಿ ಅತ್ತ. ಅಳು ನಿಜವಾಗಿಯೇ ಬಂದದ್ದು ಅವನಿಗೇ ಆಶ್ಚರ್ಯವಾಯಿತು. ಸಿಪ್ಪೆಗಳೂ ಖಾಲಿ ಪೊಟ್ಟಣಗಳೂ ಆ ಹೊತ್ತಿಗಾಗಲೇ ಅವನ ಕಚೇರಿಯ ಚೀಲದಲ್ಲಿ ಮನೆಯಿಂದ ದೂರದ ಕಸದ ತೊಟ್ಟಿ ಸೇರಿದ್ದವು. ಇಂಥ ರೋಗಿಗಳಲ್ಲಿ ಹೃದಯ ಹೀಗೆ ನಿಲ್ಲುವುದುಂಟು ಎಂದು ಬಂದ ಡಾಕ್ಟರು ಬರೆದುಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಹಾಸಿಗೆ ಹಿಡಿದ ಮುದುಕಿ ಸತ್ತರೆ ಯಾರಿಗೆ ಏನು ಲಾಭ? ಮನೆಯಂತೂ ಎಂದೋ ಮಗಳ ಹೆಸರಿಗೆ ಆಗಿತ್ತು.

ಅವನು ಆತುರಪಡಲಿಲ್ಲ. ಕಾದಂಬರಿಯನ್ನು ತನ್ನ ಕೈಬರಹದಲ್ಲಿ ನಿಧಾನವಾಗಿ ಇಳಿಸಿಕೊಂಡ. ಚಿತ್ತು ಹಾಕಿದ, ಅಂಚಿನಲ್ಲಿ ಬಾಣ ಎಳೆದ, ಒಂದು ಅಧ್ಯಾಯವನ್ನು ಮೂರು ಬಾರಿ ಬರೆದಂತೆ ತೋರಿಸಿದ. ಅಲ್ಲಲ್ಲಿ ಸಣ್ಣಪುಟ್ಟ ಸಂಗತಿಗಳನ್ನು ಬದಲಾಯಿಸಿದ. ತನ್ನ ಛಾಪು ಇರಲೆಂದು ಮಳೆಯ ಬಗ್ಗೆ ಎರಡು ಪುಟಗಳ ಚಿಂತನೆಯನ್ನೂ ಸೇರಿಸಿದ. ಅತ್ತೆಯ ಪೆನ್ಸಿಲಿನ ಹಾಳೆಗಳು ಕಚೇರಿಯಲ್ಲಿ ಕಾಗದ ಕತ್ತರಿಸುವ ಯಂತ್ರಕ್ಕೆ ಹೋದವು. ಅಲ್ಲಿ ಹಳೆಯ ಕರಡುಗಳನ್ನು ಹಾಕುವುದು ಅವನ ದಿನನಿತ್ಯದ ಕೆಲಸವಾಗಿತ್ತು.

ಅತ್ತೆ ಹೋಗಿ ವರ್ಷ ತುಂಬುವ ಮುಂಚೆ ಪುಸ್ತಕ ಹೊರಬಂತು. ಪ್ರಕಾಶಕ ಹಸ್ತಪ್ರತಿ ಓದಿದ ದಿನವೇ ಓಡಿಬಂದಿದ್ದ. "ಇಷ್ಟು ದಿನ ಇದನ್ನೆಲ್ಲಾ ಎಲ್ಲಿ ಬಚ್ಚಿಟ್ಕೊಂಡಿದ್ರಿ ಸಾರ್? ಆ ಮಳೆದು ಎರಡು ಪುಟ ಮಾತ್ರ ತೆಗೆದುಬಿಟ್ಟಿದೀನಿ. ಓಟಕ್ಕೆ ಅಡ್ಡ ಬರ್ತಿತ್ತು."

ಪುಸ್ತಕ ಓಡಿತು. ಬಸ್ಸಿನಲ್ಲಿ ಎದುರು ಸೀಟಿನ ಹುಡುಗಿ ಅದನ್ನು ಓದುತ್ತ ತನಗೆ ತಾನೇ ನಕ್ಕಳು. ಕಚೇರಿಯಲ್ಲಿ ಹತ್ತು ವರ್ಷ ಅವನ ಹೆಸರು ತಪ್ಪಾಗಿ ಕರೆಯುತ್ತಿದ್ದ ಸಂಪಾದಕರು ಹೆಗಲ ಮೇಲೆ ಕೈಹಾಕಿದರು. ಬೇಕಾದದ್ದೆಲ್ಲ ಬಂತು, ಒಂದು ಮಾತ್ರ ಬರಲಿಲ್ಲ. ಜನ ಹೊಗಳಿದ ಪ್ರತಿ ಸಾಲೂ ಅತ್ತೆಯದೇ ಆಗಿರುತ್ತಿತ್ತು. ಪ್ರಕಾಶಕನ ಕತ್ತರಿಗೆ ಸಿಗದೆ ಉಳಿದಿದ್ದ ಅವನದೇ ಒಂದು ಪ್ಯಾರಾವನ್ನು ಹಿಡಿದು, ಈ ಒಂದು ಕಡೆ ಸ್ವಲ್ಪ ಎಳೆದಂತಿದೆ ಎಂದು ವಿಮರ್ಶಕನೊಬ್ಬ ಬರೆದ. ಅವನು ಅದನ್ನು ಕತ್ತರಿಸಿ ಇಟ್ಟುಕೊಂಡ, ಆಮೇಲೆ ಹರಿದುಹಾಕಿದ. ಅತ್ತೆ ಬದುಕಿದ್ದಾಗ ಅವನು ಒಬ್ಬರಿಗೆ ಸೋಲುತ್ತಿದ್ದ. ಈಗ ಊರಿನ ಪ್ರತಿಯೊಬ್ಬ ಓದುಗನೆದುರೂ ಸೋಲಬೇಕಾಗಿ ಬಂದಿತ್ತು.

ಹೆಂಡತಿ ಓದಿ ಮುಗಿಸಿ ಪುಸ್ತಕ ಮುಚ್ಚಿದಳು. "ಅಮ್ಮ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು," ಎಂದಳು. ಅವನು ಅವಳ ಮುಖವನ್ನು ಕರಡಿನ ಹಾಗೆ ಅಕ್ಷರ ಅಕ್ಷರ ನೋಡಿದ. ಅಲ್ಲಿ ದುಃಖ ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಅವಳೇ ಹೇಳಿದಳು, "ವರ್ಷದ ದಿನ ಅಮ್ಮನ ಡಯಾಲಿಸಿಸ್ ವಾರ್ಡಿಗೆ ಹೋಗಿ ಒಂದಿಷ್ಟು ಓದಿ ಹೇಳ್ತೀರಾ? ಪಾಪ, ನಾಲ್ಕು ನಾಲ್ಕು ಗಂಟೆ ಸುಮ್ನೆ ಕೂತಿರ್ತಾರೆ. ಅಮ್ಮನ ಜೊತೆಗಿದ್ದೋರು." ಅವನು ಕೆಲಸದ ನೆವ ಹೇಳಿ ನೋಡಿದ. ವಿಷಯ ಪ್ರಕಾಶಕನಿಗೆ ತಿಳಿದ ಮೇಲೆ ನೆವ ನಡೆಯಲಿಲ್ಲ. ಅತ್ತೆಯ ನೆನಪಿಗೆ ಅಳಿಯನ ಓದು, ಪತ್ರಿಕೆಯವರನ್ನು ಕರೆಯುತ್ತೇನೆ, ಇದಕ್ಕಿಂತ ಒಳ್ಳೆಯ ಜಾಹೀರಾತು ಉಂಟೇ ಎಂದು ಪ್ರಕಾಶಕ ಕುಣಿದಾಡಿದ. ಆಗಲಿ ಎಂದುಕೊಂಡ ಇವನೂ. ರಕ್ತದ ಕಡೆ ನೋಡದೆ ಪುಟದ ಕಡೆ ನೋಡಿದರಾಯಿತು.

ಮೂರನೆಯ ಮಹಡಿಯ ಆ ಕೋಣೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಗೋಡೆಯುದ್ದಕ್ಕೂ ಒರಗುಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಗುರ್ ಎನ್ನುವ ಒಂದು ಯಂತ್ರ, ಕೈಯಿಂದ ಯಂತ್ರಕ್ಕೆ ಕೆಂಪು ನಳಿಕೆಗಳು. ಕಿಟಕಿಯ ಬಳಿ ನಿವೃತ್ತ ಬಸ್ ಡ್ರೈವರ್ ಒಬ್ಬ, ಅವನ ಪಕ್ಕ ಹೊಲಿಗೆ ಕಲಿಸುವ ಹೆಂಗಸು, ಹೀಗೆ ಎಂಟು ಮಂದಿ. ವಾರ್ಡಿನ ಹಿರಿಯ ನರ್ಸ್ ಎಲ್ಲರನ್ನೂ ಪರಿಚಯಿಸಿ ಬಾಗಿಲ ಬಳಿ ನಿಂತಳು. ಹೆಂಡತಿ ಒಂದು ಸ್ಟೂಲಿನ ಮೇಲೆ ಕೂತಳು. ಅವನು ಗಂಟಲು ಸರಿಮಾಡಿಕೊಂಡು ಮೊದಲ ಅಧ್ಯಾಯ ಶುರುಮಾಡಿದ. ಗಿರಾಕಿಯೊಬ್ಬ ಕೊಡೆ ಕಂಪನಿಗೆ ಬರೆದ ದೂರು ಅದು. 'ಮಾನ್ಯರೇ, ನಿಮ್ಮ ಕೊಡೆ ಮನೆಯೊಳಗೆ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ' ಎನ್ನುವಲ್ಲೇ ಹೊಲಿಗೆಯ ಹೆಂಗಸು ನಕ್ಕುಬಿಟ್ಟಳು. ನಗು ಬರಬೇಕಾದದ್ದು ಮುಂದಿನ ಸಾಲಿಗೆ. ಅಭ್ಯಾಸವಿಲ್ಲದ ಕೇಳುಗರು ಎಂದುಕೊಂಡು ಅವನು ಮುಂದುವರಿಸಿದ. ಪುಟದ ಕೆಳಗೆ ಮತ್ತೆ ಹಾಗೇ ಆಯಿತು, ಈ ಸಲ ಮೂರು ನಾಲ್ಕು ಮಂದಿ. ಇನ್ನೊಂದು ಕಡೆ ಡ್ರೈವರ್ ಕಣ್ಣುಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತ ಅವನಿಗಿಂತ ಅರ್ಧ ಮಾತು ಮುಂದೆಯೇ ಹೋಗುತ್ತಿದ್ದ. ಕತೆಯ ಹೆಂಗಸಿನ ಟೇಬಲ್ಲಿನ ಮೇಲೆ ಕೂತ ಗಿಣಿಯ ಪ್ರಸ್ತಾಪ ಬಂದಾಗ ಡ್ರೈವರ್ ಕಣ್ಣು ತೆರೆದ.

"ಅಲ್ಲಿ ಬೆಕ್ಕಲ್ವಾ ಇರೋದು?" ಎಂದ, ತಪ್ಪು ಹಿಡಿಯುವ ದನಿಯಲ್ಲಲ್ಲ, ನಿಜಕ್ಕೂ ಗೊಂದಲವಾದವನಂತೆ. ಅಲ್ಲಿ ಬೆಕ್ಕೇ ಇತ್ತು. ಅದನ್ನು ಗಿಣಿ ಮಾಡಿದ್ದು ಇವನು.

"ಇವ್ರಿಗೆಲ್ಲಾ ಕತೆ ಮೊದಲೇ ಗೊತ್ತಾ?" ಎಂದು ಹೆಂಡತಿ ನರ್ಸನ್ನು ಕೇಳಿದಳು. "ಗೊತ್ತಿಲ್ದೆ ಏನಮ್ಮ, ನಿಮ್ಮ ಅಮ್ಮನೇ ಹೇಳಿದ್ದಲ್ವಾ," ಎಂದಳು ಆಕೆ. "ಇಡೀ ವರ್ಷ, ಇದೇ ಕುರ್ಚೀಲಿ ಕೂತು, ಬಂದಾಗೆಲ್ಲಾ ಒಂದೊಂದು ತುಂಡು. ನಾವು ಎಲ್ಲಿ ನಗ್ಲಿಲ್ವೋ, ಯಾರು ಎಲ್ಲಿ ಆಕಳಿಸಿದ್ರೋ ಎಲ್ಲಾ ನೋಡ್ಕೊಂಡು, ಮನೆಗೆ ಹೋಗಿ ತಿದ್ಕೊಂಡು ಬರೋರು. ಯಾವಾಗ್ಲೂ ಹೀಗೇ ಯಾರಿಗಾದ್ರೂ ಹೇಳಿ ನೋಡ್ದೆ ಒಂದು ಪುಸ್ತಕಾನೂ ಬರೆದಿಲ್ವಂತೆ. ನಾವೇನೋ ಅವ್ರ ಪುಸ್ತಕ ನೀವು ಓದೋಕೆ ಬಂದಿದೀರಿ ಅಂದ್ಕೊಂಡ್ವಿ." ಆಕೆ ಅವನ ಕೈಯಲ್ಲಿದ್ದ ಪುಸ್ತಕದ ಮುಖಪುಟವನ್ನು, ಅದರ ಮೇಲೆ ದೊಡ್ಡ ಅಕ್ಷರದಲ್ಲಿದ್ದ ಅವನ ಹೆಸರನ್ನು ಓದಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು, "ಆ ಶನಿವಾರ ರಕ್ತ ಪರೀಕ್ಷೆ ಎಷ್ಟು ಚೆನ್ನಾಗಿತ್ತು. ಸೋಮವಾರದೊಳಗೆ ಹಾಗಾಗೋಕೆ ಕಾರಣವೇ ಕಾಣ್ಸಲ್ಲ ಅಂತ ನಮ್ಮ ಡಾಕ್ಟ್ರು ಇವತ್ತಿಗೂ ಹೇಳ್ತಿರ್ತಾರೆ." ಎಂಟು ಮಂದಿಯೂ ಅವನನ್ನೇ ನೋಡುತ್ತಿದ್ದರು, ಮುಂದೇನು ಎಂದು ಕಾಯುವವರ ಹಾಗೆ. ಹೆಂಡತಿ ಸ್ಟೂಲಿನಿಂದ ಎದ್ದು ಬಂದು ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡಳು. "ರೀ," ಎಂದಳು ಮೆಲ್ಲಗೆ, "ಆ ಎರಡು ದಿನ ಅಮ್ಮಂಗೆ ತಿನ್ನೋಕೆ ಏನು ಕೊಟ್ರಿ?"